ಕರಡಿ ನೋಡಿ ಬಂದವರನ್ನು ಏನಂತ ಕೇಳಬೇಕು?

ದರೋಜಿ ಕರಡಿಧಾಮ ನೋಡಿಕೊಂಡು ಹಾಸನಕ್ಕೆ ವಾಪಸ್ ಬಂದಾಗ ಎಲ್ಲರೂ ಕೇಳಿದ್ದು ಒಂದೇ ಮಾತು. "ಕಂಡಿತಾ?" ಕಂಡಿತು ಅಂದೆ. "ಎಷ್ಟು?" ಮೂರು ಅಂದೆ. ಅಲ್ಲಿಗೆ ಮಾತು ಮುಗಿಯಿತು. ವಾಚ್ ಟವರ್ ಮೇಲೆ ನನ್ನ ಜೊತೆ ಎಷ್ಟು ಜನ ಇದ್ದರು, ಗಲಾಟೆ ಇತ್ತಾ, ಕರಡಿ ಯಾಕೆ ಸರಿಯಾಗಿ ಅದೇ ಹೊತ್ತಿಗೆ ಅದೇ ಬಂಡೆಗೆ ಬಂತು, ಇದನ್ನು ಯಾರೂ ಕೇಳಲಿಲ್ಲ. ಅರಣ್ಯದವರೂ ಕೇಳಲಿಲ್ಲ.

ಅದು ಬಂದದ್ದು ಬೆಲ್ಲಕ್ಕೆ. ಹಿಟ್ಟು, ಬೆಲ್ಲ ಕಲಸಿ ಬಂಡೆಗೆ ಮೆತ್ತುವುದು ದರೋಜಿಯಲ್ಲಿ ವರ್ಷಗಳಿಂದ ನಡೆದುಕೊಂಡು ಬಂದ ಪದ್ಧತಿ. ಮಧ್ಯಾಹ್ನ ಮೆತ್ತುತ್ತಾರೆ, ಎರಡು ಗಂಟೆ ಮೇಲೆ ಜನ ಬರುತ್ತಾರೆ, ಬಿಸಿಲು ಇಳಿಯುವ ಹೊತ್ತಿಗೆ ಕರಡಿ ಬರುತ್ತದೆ. ನಮ್ಮ ಕರಡಿ ಹೆಚ್ಚಾಗಿ ಕತ್ತಲಲ್ಲಿ ಓಡಾಡುವ ಪ್ರಾಣಿ. ಹಗಲೆಲ್ಲ ಬಂಡೆ ಸಂದಿಯಲ್ಲಿ ಮಲಗಿರುತ್ತದೆ. ಅದನ್ನು ಬೆಳಕಿಗೆ ಕರೆತಂದದ್ದು ನಮ್ಮ ಟಿಕೆಟ್. ಇದು ತಪ್ಪೋ ಸರಿಯೋ ಅಂತ ಈಗಲೇ ಹೇಳುವುದಿಲ್ಲ. ನನಗೂ ಆವತ್ತು ಖುಷಿಯೇ ಆಯಿತು.

ಈ ಮಾತು ಈಗ ಯಾಕೆ ಅಂದರೆ, ಹಾಸನ ಜಿಲ್ಲೆಗೂ ತನ್ನದೇ ಕರಡಿಧಾಮ ಬಂದಿದೆ, ಅರಸೀಕೆರೆಯಲ್ಲಿ. 1994ರಲ್ಲಿ ದರೋಜಿ, ಆಮೇಲೆ ಗುಡೇಕೋಟೆ, ಈಗ ನಮ್ಮದು. ಕಾಗದದ ಮೇಲೆ ಧಾಮ ಅಂತ ಆದ ಕೂಡಲೇ ನಮ್ಮಲ್ಲಿ ಮುಂದಿನ ಮಾತು ಪ್ರವಾಸೋದ್ಯಮದ್ದೇ. ಟವರ್ ಎಲ್ಲಿ ಕಟ್ಟೋಣ, ಜೀಪು ಎಷ್ಟು ಬಿಡೋಣ. ಜನಕ್ಕೆ ನಿಜಕ್ಕೂ ಏನು ಬೇಕು, ಎಷ್ಟು ಬೇಕು ಅಂತ ಮೊದಲೇ ಕೇಳಿ ತಿಳಿದುಕೊಳ್ಳುವ ಅಭ್ಯಾಸ ನಮಗೆ ಕಡಿಮೆ. ಈ ಕೇಳುವ ಕೆಲಸಕ್ಕೂ ಒಂದು ಇತಿಹಾಸ ಇದೆ.

ಕರಡಿ ನೋಡಲು ಕಾಡಿಗೆ ಹೋಗುವುದು ನಮಗೆ ಹೊಸದು. ಮೊದಲು ಕರಡಿಯೇ ನಮ್ಮ ಬೀದಿಗೆ ಬರುತ್ತಿತ್ತು. ಮೂಗಿಗೆ ಹಗ್ಗ ಪೋಣಿಸಿ, ಕೈಯಲ್ಲಿ ಡಮರು ಹಿಡಿದು, ಕರಡಿ ಆಡಿಸುವವರು ಊರೂರು ತಿರುಗುತ್ತಿದ್ದರು. ಬೆಚ್ಚಿ ಬೀಳುವ ಮಕ್ಕಳನ್ನು ಅದರ ಬೆನ್ನ ಮೇಲೆ ಕೂರಿಸುವುದು, ಅದರ ಕೂದಲನ್ನು ತಾಯತಕ್ಕೆ ಹಾಕಿಸುವುದು ಎಲ್ಲ ಇತ್ತು. ನಮ್ಮ ಪ್ರಾಯದವರಲ್ಲಿ ಹಾಗೆ ಕೂತವರು ಈಗಲೂ ಸಿಗುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೂ ಇದು ನಿಲ್ಲಲು ಹತ್ತಿರ ಹತ್ತಿರ ನಲವತ್ತು ವರ್ಷ ಹಿಡಿಯಿತು. ಕುಣಿಯುವ ಕರಡಿಗಳಲ್ಲಿ ಕೊನೆಯದು ಅಂತ ಲೆಕ್ಕಕ್ಕೆ ಸಿಕ್ಕ ರಾಜು 2009ರ ಡಿಸೆಂಬರ್‌ನಲ್ಲಿ ಬನ್ನೇರುಘಟ್ಟ ಸೇರಿತು. ಕರಡಿ ಆಡಿಸುತ್ತಿದ್ದ ಖಲಂದರ್ ಕುಟುಂಬಗಳಿಗೆ ಬೇರೆ ಕಸುಬು ಕೊಟ್ಟಿದ್ದರಿಂದ ಅದು ಸಾಧ್ಯವಾಯಿತು. ಬರೀ ಕಾನೂನಿನಿಂದ ಆಗುವ ಕೆಲಸ ಅಲ್ಲ ಅದು.

ಅಮೆರಿಕದವರು ಕರಡಿಯನ್ನು ಬೀದಿಗೆ ತರಲಿಲ್ಲ, ತಿಪ್ಪೆಗೆ ಕರೆದರು. ಯೆಲ್ಲೊಸ್ಟೋನ್ ಉದ್ಯಾನದಲ್ಲಿ ಹೋಟೆಲುಗಳ ಮುಸುರೆ ಸುರಿಯುವ ಜಾಗಕ್ಕೆ ಕರಡಿಗಳು ಬರುತ್ತಿದ್ದವು. ಅದನ್ನೇ ಪ್ರದರ್ಶನ ಮಾಡಿದರು. ಸಂಜೆ ಜನ ಮರದ ಬೆಂಚುಗಳಲ್ಲಿ ಸಾಲಾಗಿ ಕೂತು, ಕರಡಿ ಎಂಜಲು ತಿನ್ನುವುದನ್ನು ನೋಡುತ್ತಿದ್ದರು. 1941ರವರೆಗೂ ಈ ಆಟ ನಡೆಯಿತು. ಪ್ರದರ್ಶನ ನಿಂತ ಮೇಲೂ ತಿಪ್ಪೆ ಉಳಿಯಿತು. ರಸ್ತೆ ಬದಿಯಲ್ಲಿ ಕಾರಿನ ಕಿಟಕಿಗೆ ಮೂತಿ ಇಟ್ಟು ಬಿಸ್ಕತ್ತು ಬೇಡುವ ಕರಡಿಗಳೂ ಉಳಿದವು. 1931ರಿಂದ 1969ರವರೆಗಿನ ಲೆಕ್ಕ ತೆಗೆದರೆ ವರ್ಷಕ್ಕೆ ಸರಾಸರಿ 48 ಜನ ಕರಡಿಯಿಂದ ಗಾಯಗೊಂಡಿದ್ದಾರೆ. 1970ರ ಹೊತ್ತಿಗೆ ತಿಪ್ಪೆಗಳನ್ನು ಮುಚ್ಚಲು ಹೊರಟಾಗ ಕ್ರೇಗ್‌ಹೆಡ್ ಅಣ್ಣತಮ್ಮಂದಿರು, ಇಬ್ಬರೂ ಕರಡಿ ತಜ್ಞರು, ಒಮ್ಮೆಲೇ ಮುಚ್ಚಬೇಡಿ, ನಿಧಾನವಾಗಿ ಬಿಡಿಸಿ ಅಂದರು. ಇಲಾಖೆ ಕೇಳಲಿಲ್ಲ. ಹಸಿದ ಕರಡಿಗಳು ಬಿಡಾರಗಳಿಗೆ ನುಗ್ಗಿದವು, ತುಂಬಾ ಸತ್ತವು. 1975ರಲ್ಲಿ ಗ್ರಿಜ್ಲಿ ಕರಡಿಯನ್ನು ಅಪಾಯದಲ್ಲಿರುವ ಪ್ರಾಣಿಗಳ ಪಟ್ಟಿಗೆ ಸೇರಿಸಬೇಕಾಯಿತು. ದರೋಜಿಯ ಬೆಲ್ಲದ ಬಂಡೆ ನೋಡುವಾಗ ನನಗೆ ಈ ಕತೆ ನೆನಪಾಯಿತು. ಎರಡೂ ಒಂದೇ ಅಲ್ಲ ನಿಜ, ಇಲ್ಲಿ ಜನಕ್ಕೂ ಬಂಡೆಗೂ ನಡುವೆ ದೂರ ಇದೆ. ಆದರೆ ಉಣ್ಣಿಸುವುದನ್ನು ಶುರು ಮಾಡುವುದು ಸುಲಭ, ನಿಲ್ಲಿಸುವುದು ಕಷ್ಟ ಅನ್ನುವುದು ಎರಡು ಕಡೆಗೂ ಸತ್ಯ.

ಅಲಾಸ್ಕದ ಮೆಕ್‌ನೀಲ್ ನದಿಯಲ್ಲಿ ಬೇರೆ ದಾರಿ ಹಿಡಿದರು. ಸಾಲ್ಮನ್ ಮೀನು ಹೊಳೆ ಏರಿ ಬರುವ ಕಾಲಕ್ಕೆ ಅಲ್ಲಿನ ಜಲಪಾತದಲ್ಲಿ ಹತ್ತಾರು ಕಂದು ಕರಡಿ ಸೇರುತ್ತವೆ. ಅಲ್ಲಿ ಯಾರೂ ಬೆಲ್ಲ ಮೆತ್ತಬೇಕಿಲ್ಲ. ಮೊದಮೊದಲು ಫೋಟೊ ತೆಗೆಯುವವರು ಎಲ್ಲೆಂದರಲ್ಲಿ ನುಗ್ಗಿ, ಕರಡಿಗಳು ಹೊಳೆ ಬಿಟ್ಟು ಹೋಗತೊಡಗಿದವು. 1973ರಿಂದ ಪರ್ಮಿಟ್ ತಂದರು. ದಿನಕ್ಕೆ ಹತ್ತು ಜನ, ಅದೂ ಲಾಟರಿ ಎತ್ತಿ. ಜೊತೆಗೆ ಬಂದೂಕು ಹಿಡಿದ ಸಿಬ್ಬಂದಿ. ಕೂರುವುದು ದಿನಾ ಒಂದೇ ಜಾಗದಲ್ಲಿ. ಮನುಷ್ಯ ಎಲ್ಲಿರುತ್ತಾನೆ, ಏನು ಮಾಡುತ್ತಾನೆ ಅಂತ ಕರಡಿಗೆ ಗೊತ್ತಾಗಿಬಿಟ್ಟರೆ ಅದು ತನ್ನ ಪಾಡಿಗೆ ಮೀನು ಹಿಡಿಯುತ್ತದೆ. ಕೆಲವು ಮಾರು ದೂರದಲ್ಲೇ ಹಾದು ಹೋಗುತ್ತದೆ. ಪರ್ಮಿಟ್ ಬಂದಮೇಲೆ ಅಲ್ಲಿ ಕರಡಿಯಿಂದ ಯಾರಿಗೂ ಪೆಟ್ಟಾಗಿಲ್ಲ.

ಇನ್ನು ಕೊಡಿಯಾಕ್. ಅಲಾಸ್ಕದ ಈ ದ್ವೀಪದಲ್ಲಿ 1941ರಲ್ಲಿ ವನ್ಯಜೀವಿಧಾಮ ಮಾಡಿದರು. ಮಾಡಿ ಅಂತ ಒತ್ತಾಯ ಹಾಕಿದವರಲ್ಲಿ ಬೇಟೆಗಾರರೇ ಮುಂದಿದ್ದರು ಅನ್ನುವುದು ಕೇಳಲು ವಿಚಿತ್ರ. ಕರಡಿಯೇ ಮುಗಿದುಹೋದರೆ ಬೇಟೆ ಎಲ್ಲಿಂದ ಬರಬೇಕು? ಈ ಧಾಮದ ವಿಸ್ತಾರ ಸುಮಾರು 7,700 ಚದರ ಕಿಲೋಮೀಟರ್, ನಮ್ಮ ಇಡೀ ಹಾಸನ ಜಿಲ್ಲೆಗಿಂತ ದೊಡ್ಡದು. ಚಿಕ್ಕಮಗಳೂರಿಗಿಂತಲೂ ದೊಡ್ಡದು. ಒಳಗೆ ರಸ್ತೆ ಇಲ್ಲ, ನೀರಿನ ಮೇಲೆ ಇಳಿಯುವ ವಿಮಾನದಲ್ಲೋ ದೋಣಿಯಲ್ಲೋ ಹೋಗಬೇಕು. ಆ ದ್ವೀಪಗಳಲ್ಲಿ ಸುಮಾರು 3,500 ಕರಡಿ ಇವೆ ಅನ್ನುತ್ತಾರೆ. ಗಂಡು ಕರಡಿ ನಮ್ಮ ಕರಡಿಯ ನಾಲ್ಕು ಪಟ್ಟು ತೂಗುತ್ತದೆ. ಅಲ್ಲೂ ಎಲ್ಲ ಸುಖವಾಗಿರಲಿಲ್ಲ. ದನ ಸಾಕುವವರಿಗೂ ಕರಡಿಗೂ ಜಗಳ ಹತ್ತಿ, 1960ರ ದಶಕದಲ್ಲಿ ಸಣ್ಣ ವಿಮಾನದಿಂದ ಕರಡಿಗಳನ್ನು ಗುಂಡಿಕ್ಕಿ ಕೊಂದದ್ದೂ ಉಂಟು.

ಬಂದೂಕು ಹಿಡಿದು ಬರುವವರ ಜೊತೆಗೆ ಕ್ಯಾಮೆರಾ ಹಿಡಿದು ಬರುವವರೂ ಜಾಸ್ತಿಯಾದರು. ಆಗ ಧಾಮದವರ ಮುಂದೆ ಹೊಸ ತರದ ಪ್ರಶ್ನೆ ನಿಂತಿತು. 1990ರ ದಶಕದ ಆರಂಭದಲ್ಲಿ ಕಾರ್ಲಕ್ ಸರೋವರದ ಹತ್ತಿರ ಒಮಾಲಿ ನದಿಯಲ್ಲಿ ಜನರನ್ನು ಗುಂಪು ಮಾಡಿ, ಹೊತ್ತು ಗೊತ್ತು ಮಾಡಿ ಕರಡಿ ತೋರಿಸಿ ನೋಡಿದರು. ಕರಡಿ ಹೇಗೆ ನಡೆದುಕೊಳ್ಳುತ್ತದೆ ಅಂತ ಬರೆದಿಟ್ಟುಕೊಂಡರು. 1997ರ ಕಾನೂನು ಅಮೆರಿಕದ ಇಂಥ ಎಲ್ಲ ಧಾಮಗಳಲ್ಲೂ ಪ್ರಾಣಿ ನೋಡುವುದನ್ನು, ಬೇಟೆ ಮೀನುಗಾರಿಕೆಯ ಸಾಲಿನಲ್ಲೇ, ಆದ್ಯತೆಯ ಬಳಕೆ ಅಂತ ಒಪ್ಪಿತು. ಒಂದೇ ಷರತ್ತು, ಧಾಮದ ಮೂಲ ಉದ್ದೇಶಕ್ಕೆ ಧಕ್ಕೆ ಆಗಬಾರದು. ಧಕ್ಕೆ ಆಯಿತೋ ಇಲ್ಲವೋ ಅಂತ ಕರಡಿಯನ್ನು ನೋಡಿ ಹೇಳಬಹುದು. ಬಂದವರಿಗೆ ಏನು ಬೇಕಿತ್ತು, ಏನು ಸಿಕ್ಕಿತು ಅನ್ನುವುದನ್ನು ಮಾತ್ರ ಅವರನ್ನೇ ಕೇಳಬೇಕು. ಸಮೀಕ್ಷೆ ಒಳಗೆ ಬಂದದ್ದು ಹೀಗೆ.

ಅಲ್ಲಿ ಸುಮ್ನೆ ಒಂದು ಫಾರಂ ಅಚ್ಚು ಹಾಕಿಸಿ ಹಂಚುವ ಹಾಗಿಲ್ಲ. 1980ರ ಒಂದು ಕಾನೂನಿನ ಪ್ರಕಾರ ಕೇಂದ್ರ ಸರ್ಕಾರದ ಯಾವ ಕಚೇರಿಯೇ ಆಗಲಿ, ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನರಿಗೆ ಒಂದೇ ಪ್ರಶ್ನೆಪಟ್ಟಿ ಕೊಡಬೇಕಾದರೆ ಮೇಲಿನ ಕಚೇರಿಯ ಒಪ್ಪಿಗೆ ಬೇಕು. ಈಗ ಅದಕ್ಕೆ ಮೊದಲು ಪ್ರಕಟಣೆ ಹೊರಡಿಸಿ 60 ದಿನ ಸಾರ್ವಜನಿಕರ ಅಭಿಪ್ರಾಯ ಕೇಳಬೇಕು, ಆಮೇಲೆ ಇನ್ನೂ 30 ದಿನ. ಉತ್ತರ ಬರೆಯಲು ಒಬ್ಬರಿಗೆ ಎಷ್ಟು ನಿಮಿಷ ಬೇಕು ಅಂತಲೂ ಲೆಕ್ಕ ಕೊಡಬೇಕು. ಕರಡಿ ನೋಡಿದ್ರಾ ಅಂತ ಕೇಳುವುದಕ್ಕೆ ಇಷ್ಟೆಲ್ಲ! ಮೊದಲು ಓದಿದಾಗ ನಗು ಬಂತು. ಆಮೇಲೆ ನಮ್ಮ ತಾಲ್ಲೂಕು ಕಚೇರಿಯಲ್ಲಿ ಅದೇ ವಿವರವನ್ನು ಮೂರು ಅರ್ಜಿಯಲ್ಲಿ ಬರೆದುಕೊಟ್ಟದ್ದು ನೆನಪಾಗಿ, ನಮ್ಮ ಹೊತ್ತಿಗೂ ಬೆಲೆ ಇದೆ ಅಂತ ಕಾನೂನೇ ಹೇಳುವುದು ಒಳ್ಳೆಯದೇ ಅನ್ನಿಸಿತು.

ಕೇಳಿದ್ದರಿಂದ ಏನಾದರೂ ಉಪಯೋಗ ಆಯಿತಾ? ಯೆಲ್ಲೊಸ್ಟೋನ್‌ನಲ್ಲಿ ಆಯಿತು. ತಿಪ್ಪೆ ಮುಚ್ಚಿ ಎಷ್ಟೋ ವರ್ಷದ ಮೇಲೆ ಅಲ್ಲಿ ಕರಡಿಗಳು ಮತ್ತೆ ರಸ್ತೆ ಬದಿಗೆ ಬಂದಿದ್ದವು. ಈ ಸಲ ಬಿಸ್ಕತ್ತಿಗಲ್ಲ, ಹುಲ್ಲು ಗೆಡ್ಡೆ ಮೇಯಲು. ಒಂದು ಕರಡಿ ಕಂಡರೆ ಮೈಲಿಗಟ್ಟಲೆ ಕಾರು ನಿಲ್ಲುತ್ತದೆ. ಅದನ್ನು ಸಂಭಾಳಿಸಲು ಸಿಬ್ಬಂದಿ ಬೇಕು, ಸಿಬ್ಬಂದಿಗೆ ದುಡ್ಡು ಬೇಕು. ಕರಡಿಯನ್ನೇ ಓಡಿಸಿಬಿಡುವುದು ಅಗ್ಗ. 2009ರಲ್ಲಿ ಪ್ರವಾಸಿಗರನ್ನು ಕೇಳಿ ನೋಡಿದರು. ಕರಡಿಗಳು ರಸ್ತೆ ಬದಿಯಲ್ಲೇ ಇರಲಿ ಅನ್ನುವುದಕ್ಕೆ ಪ್ರವೇಶ ಶುಲ್ಕದ ಮೇಲೆ ಇನ್ನೂ 41 ಡಾಲರ್ ಕೊಡಲು ಸರಾಸರಿ ಪ್ರವಾಸಿ ತಯಾರಿದ್ದ. ಆಗ ಒಂದು ಕಾರಿಗೆ ಇದ್ದ ಶುಲ್ಕವೇ 25 ಡಾಲರ್. ಕರಡಿಗಳನ್ನು ಓಡಿಸಿದರೆ ಸುತ್ತಲಿನ ಊರುಗಳಿಗೆ ವರ್ಷಕ್ಕೆ ಒಂದು ಕೋಟಿ ಡಾಲರಿಗೂ ಹೆಚ್ಚು ನಷ್ಟ, 155 ಕೆಲಸ ಹೋಗುತ್ತದೆ ಅಂತಲೂ ಅದೇ ಅಧ್ಯಯನ ಲೆಕ್ಕ ಹಾಕಿತು. 2014ರಲ್ಲಿ ಅದು ಪ್ರಕಟವಾಯಿತು. ಕೊಡುತ್ತೇನೆ ಅನ್ನುವುದು ಬೇರೆ, ಜೇಬಿನಿಂದ ತೆಗೆಯುವುದು ಬೇರೆ ಅಂತ ನೀವು ಹೇಳಬಹುದು. ನಿಜ. ಆದರೂ ಸಿಬ್ಬಂದಿಯ ಸಂಬಳ ದಂಡ ಅನ್ನುವವರಿಗೆ ಎದುರು ಇಡಲು ಒಂದು ಅಂಕಿ ಸಿಕ್ಕಿತು.

ಸಮೀಕ್ಷೆಯಲ್ಲಿ ಮೋಸಹೋಗುವುದೂ ಸುಲಭ. ಜನಜಂಗುಳಿ ಎಷ್ಟು ಅನ್ನಿಸಿತು ಅಂತ ಒಂದರಿಂದ ಒಂಬತ್ತರವರೆಗೆ ಅಂಕ ಕೊಡಿಸುವ ಪದ್ಧತಿ 1970ರ ದಶಕದಿಂದ ಇದೆ. ಜಾಗ ವರ್ಷ ವರ್ಷಕ್ಕೆ ಗಿಜಿಗುಡುತ್ತಾ ಹೋದರೂ ಈ ಅಂಕ ಅಷ್ಟೇನೂ ಏರದೆ ಇರಬಹುದು. ಯಾಕೆ? ಗಲಾಟೆ ಆಗದವರು ಮತ್ತೆ ಬರುವುದೇ ಇಲ್ಲ. ಮುಳ್ಳಯ್ಯನಗಿರಿಗೆ ಹಿಂದೆ ಬೆಳಗಿನ ಜಾವ ಹೋಗಿ ಸುಮ್ಮನೆ ಕೂತು ಬರುತ್ತಿದ್ದವರು ಈಗ ಶನಿವಾರ ಭಾನುವಾರ ಆ ಕಡೆ ತಲೆ ಹಾಕುವುದಿಲ್ಲ. ಇವತ್ತು ಕೈಮರದ ಚೆಕ್‌ಪೋಸ್ಟ್ ಹತ್ತಿರ ನಿಂತು ಹೇಗಿತ್ತು ಅಂತ ಕೇಳಿದರೆ ಸಿಗುವುದು ಸೂಪರ್ ಅನ್ನುವವರೇ. ಬಾರದೆ ಹೋದವರು ನಿಮ್ಮ ಫಾರಂ ತುಂಬುವುದು ಹೇಗೆ?

ಎರಡನೇ ತೊಂದರೆ ನಮ್ಮದೇ ದಾಕ್ಷಿಣ್ಯ. ಕರೆದುಕೊಂಡು ಹೋದ ಗಾರ್ಡ್ ಎದುರಿಗೆ ನಿಂತು ಪುಸ್ತಕ ಕೊಟ್ಟರೆ ಯಾರು ತಾನೇ ಚೆನ್ನಾಗಿರಲಿಲ್ಲ ಅಂತ ಬರೆದಾರು? ಒಂದು ಸಫಾರಿ ಕೌಂಟರಿನ ಅಭಿಪ್ರಾಯ ಪುಸ್ತಕವನ್ನು ಒಮ್ಮೆ ತಿರುವಿ ಹಾಕಿದೆ. ಪುಟಗಟ್ಟಲೆ ಒಂದೇ ಸಾಲು, ತುಂಬಾ ಚೆನ್ನಾಗಿತ್ತು. ನಡುವೆ ಒಬ್ಬರು ಮಾತ್ರ ಶೌಚಾಲಯಕ್ಕೆ ನೀರಿಲ್ಲ ಅಂತ ಬರೆದಿದ್ದರು. ಇಡೀ ಪುಸ್ತಕದಲ್ಲಿ ಉಪಯೋಗಕ್ಕೆ ಬರುವ ಮಾಹಿತಿ ಅದೊಂದೇ.

ಪ್ರಶ್ನೆ ಕೇಳುವ ರೀತಿಯಲ್ಲೂ ಇದೆ. ಕರಡಿ ಹತ್ತಿರದಿಂದ ಕಾಣಬೇಕಾ ಅಂದರೆ ಎಲ್ಲರೂ ಹೂಂ ಅನ್ನುತ್ತಾರೆ. ಬೆಲ್ಲ ಮೆತ್ತಿದರೆ ಖಂಡಿತ ಕಾಣುತ್ತದೆ, ಮೆತ್ತದಿದ್ದರೆ ನಾಲ್ಕು ಸಲ ಬಂದರೆ ಒಂದು ಸಲ ಕಾಣಬಹುದು, ಯಾವುದು ಇಷ್ಟ ಅಂತ ಕೇಳಿ ನೋಡಿ. ಉತ್ತರ ಕೊಡುವ ಮುಂಚೆ ಜನ ಒಂದು ಕ್ಷಣ ಯೋಚಿಸುತ್ತಾರೆ. ನಾನಾದರೆ ಎರಡನೆಯದಕ್ಕೆ ಗುರುತು ಹಾಕುತ್ತೇನೆ. ಮುತ್ತೋಡಿಯಲ್ಲಿ, ಲಕ್ಕವಳ್ಳಿಯಲ್ಲಿ ಏನೂ ಕಾಣದೆ ವಾಪಸ್ ಬಂದ ಸಫಾರಿಗಳು ಎಷ್ಟೋ. ಭದ್ರಾ ಕಾಡಿನಲ್ಲೂ ಕರಡಿ ಇದೆ, ಕಂಡರೆ ಪುಣ್ಯ. ಅದಕ್ಕೆ ಯಾರೂ ಗೇಟಿನ ಹತ್ತಿರ ಜಗಳ ಆಡುವುದಿಲ್ಲ ಅಲ್ವಾ?

ಅರಸೀಕೆರೆಯಲ್ಲಿ ಇನ್ನೊಂದು ತೊಡಕಿದೆ. ಕೊಡಿಯಾಕ್ ಧಾಮದ ಒಳಗೆ ಊರುಗಳು ಕಡಿಮೆ. ಇಲ್ಲಿ ಗುಡ್ಡದ ಬುಡಕ್ಕೇ ರಾಗಿ ಹೊಲ, ತೆಂಗಿನ ತೋಟ. ಕರಡಿ ಗುಡ್ಡ ಇಳಿಯುವುದು ಗೆದ್ದಲಿಗೆ, ಎಲಚಿ ಹಣ್ಣಿಗೆ, ಕಕ್ಕೆ ಕಾಯಿಗೆ, ಕಾಲಕ್ಕೆ ತಕ್ಕ ಹಾಗೆ ಹಲಸಿಗೆ. ಬಯಲುಸೀಮೆಯ ಗುಡ್ಡದ ಗುಡಿಗಳಿಗೆ ನುಗ್ಗಿ ದೀಪದ ಎಣ್ಣೆ ಕುಡಿದ ಸುದ್ದಿಯೂ ಪತ್ರಿಕೆಯಲ್ಲಿ ಆಗಾಗ ಬರುತ್ತದೆ. ಶಿವಪೂಜೆಯಲ್ಲಿ ಕರಡಿ ಬಿಟ್ಟಂತೆ ಅನ್ನುವ ಗಾದೆಯ ಕರಡಿ ಪ್ರಾಣಿಯಲ್ಲ, ಅದು ಕರಡಿ ವಾದ್ಯ ಅಂತ ವಾದ ಮಾಡುವವರಿದ್ದಾರೆ. ಗುಡ್ಡದ ಪೂಜಾರಿಗಳಿಗೆ ಆ ಅನುಮಾನ ಇರಲಾರದು. ನಸುಕಿನಲ್ಲಿ ಹೊಲಕ್ಕೆ ಹೊರಟವರಿಗೆ, ಸೌದೆಗೆ ಹೋದವರಿಗೆ ಎದುರಾದರೆ ನಮ್ಮ ಕರಡಿ ಓಡುವುದಕ್ಕಿಂತ ಎದ್ದು ನಿಂತು ಮುಖಕ್ಕೇ ಕೈ ಹಾಕುವುದು ಜಾಸ್ತಿ. ಹುಲಿಯ ಜೊತೆ ಬಾಳಿ ಕಲಿತ ಬುದ್ಧಿ ಅದು ಅನ್ನುತ್ತಾರೆ ತಜ್ಞರು. ಇಂಥ ಕಡೆಯವರಿಗೆ ಟಿಕೆಟ್ ಕೊಟ್ಟು ಕರಡಿ ನೋಡುವ ವಿಚಾರ ಹೇಳಿದರೆ ನಗುತ್ತಾರೆ. ಅವರಿಗೆ ಪುಕ್ಕಟೆ, ಬೇಡ ಅಂದರೂ.

ಹಾಗಾಗಿ ಇಲ್ಲಿ ಸಮೀಕ್ಷೆ ಅಂತ ಮಾಡಿದರೆ ಎರಡು ಪಟ್ಟಿ ಬೇಕು. ಒಂದು ಬೆಂಗಳೂರು ಗಾಡಿಯಲ್ಲಿ ಬರುವವರಿಗೆ. ಇನ್ನೊಂದು, ಆ ಗಾಡಿ ಹಾದು ಹೋಗುವ ಊರಿನವರಿಗೆ. ಬೆಲ್ಲಕ್ಕೆ ಹಗಲು ಹೊತ್ತು ಈಚೆ ಬರುವುದನ್ನು ಕಲಿತ ಕರಡಿ ಮೊದಲು ಎದುರಾಗುವುದು ಯಾರಿಗೆ ಅನ್ನುವುದು ಟವರ್ ಮೇಲೆ ನಿಂತವರಿಗೆ ಹೊಳೆಯುವುದಿಲ್ಲ. ಮೊದಲ ಪಟ್ಟಿ ಬೇಗ ತಯಾರಾಗುತ್ತದೆ. ಎರಡನೆಯದಕ್ಕೆ ಜಗಲಿ ಮೇಲೆ ಕೂತು ಕೇಳುವ ಪುರುಸೊತ್ತು ಇರುವವರು ಬೇಕು.

ಮೂರನೇ ಗುಂಪೊಂದು ಇದೆ, ಅದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಹುಣ್ಣಿಮೆಗೆ ಜೇನುಕಲ್ಲು ಬೆಟ್ಟ ಹತ್ತುವ ಭಕ್ತರು. ಕಳೆದ ಸಲ ನಾನೂ ಹತ್ತಿದೆ. ದಾರಿ ಪಕ್ಕದಲ್ಲಿ ಎಲಚಿ ಬೀಜ ತುಂಬಿದ ಹಿಕ್ಕೆ ಬಿದ್ದಿತ್ತು, ಇನ್ನೂ ಹಸಿ. ನನ್ನ ಮುಂದಿದ್ದ ಅಜ್ಜಿ ಸೆರಗು ಸರಿಮಾಡಿಕೊಂಡು ಅದನ್ನು ದಾಟಿ, "ರಾತ್ರಿ ಬಂದಿತ್ತು" ಅಂತಷ್ಟೇ ಹೇಳಿ ಮೆಟ್ಟಿಲು ಹತ್ತಿದರು.