ಮಕ್ಕಳ ಹಾಡು, ಪಿಯಾನೊ ಪಾಠ ಮತ್ತು 1849ರ ಬಂಡಾಯ

ಜರ್ಮನಿಯ ಸಂಗೀತರಚನೆಗಾರ್ತಿ ಯೊಹಾನ್ನಾ ಕಿಂಕೆಲ್ (1810–1858) ಸಂಗೀತ ಕಲಿಸುವ ಬಗ್ಗೆ ಬರೆದ ಎರಡು ಕೃತಿಗಳು ಮುಖ್ಯ. ಮೂರರಿಂದ ಏಳು ವರ್ಷದ ಮಕ್ಕಳಿಗೆ ಹಾಡು ಕಲಿಸುವ ಕೈಪಿಡಿ 1849ರದು. ಪಿಯಾನೊ ಪಾಠ ಕುರಿತು ಗೆಳತಿಗೆ ಬರೆದ ಎಂಟು ಪತ್ರಗಳು 1852ರವು. ಇವುಗಳ ನಡುವೆ ಗಂಡ ಗಾಟ್‌ಫ್ರೀಡ್ ಸೆರೆಯಾದರು, ಜೈಲಿನಿಂದ ಪಾರಾದರು, ಸಂಸಾರ ಜರ್ಮನಿಯ ಬಾನ್ ಊರು ಬಿಟ್ಟು ಲಂಡನ್ ಸೇರಿತು.

ಪಾಠ ಹೇಳುವುದು ಅವರಿಗೆ ಮೊದಲಿನಿಂದಲೂ ಜೀವನೋಪಾಯವೇ. 1832ರ ಮೊದಲ ಮದುವೆ ಕೆಲವೇ ತಿಂಗಳಲ್ಲಿ ಮುರಿಯಿತು. 1836ರಲ್ಲಿ ಬರ್ಲಿನ್‌ಗೆ ಹೋಗಿ, ಸಂಗೀತರಚನೆ ಕಲಿಯುತ್ತಲೇ ಪಿಯಾನೊ ಪಾಠದಿಂದ ಹೊಟ್ಟೆ ಹೊರೆದರು. 1840ರಲ್ಲಿ ವಿಚ್ಛೇದನ ಸಿಕ್ಕಿತು. ಕ್ಯಾಥೊಲಿಕ್ ಆಗಿದ್ದ ಅವರು ಪ್ರೊಟೆಸ್ಟೆಂಟ್ ಆಗಿ 1843ರಲ್ಲಿ ಗಾಟ್‌ಫ್ರೀಡ್‌ರನ್ನು ವರಿಸಿದರು. ವಿಚ್ಛೇದಿತೆಯ ಕೈಹಿಡಿದ ಆ ದೇವತಾಶಾಸ್ತ್ರಜ್ಞನಿಗೆ ಚರ್ಚಿನ ಕೆಲಸ ಉಳಿಯಲಿಲ್ಲ. ಹೀಗಾಗಿ ಪಾಠದ ಹಣಕ್ಕೆ ಮನೆಯಲ್ಲಿ ಬೆಲೆ ಹೆಚ್ಚಿತು.

ಜರ್ಮನ್ ರಾಜ್ಯಗಳಲ್ಲಿ ಎದ್ದ 1848ರ ಕ್ರಾಂತಿಯಲ್ಲಿ ಇಬ್ಬರೂ ಅರಸೊತ್ತಿಗೆಯ ಬದಲು ಗಣರಾಜ್ಯ ಬೇಕೆನ್ನುವ ಪಕ್ಷ. 1849ರಲ್ಲಿ ಗಂಡ ಬಂಡಾಯಕ್ಕೆ ಹೊರಟಾಗ ಅವರು ನಡೆಸುತ್ತಿದ್ದ ಪತ್ರಿಕೆಯ ಸಂಪಾದನೆಯನ್ನು ಯೊಹಾನ್ನಾ ವಹಿಸಿಕೊಂಡರು. ನೈರುತ್ಯ ಜರ್ಮನಿಯ ಬಾಡೆನ್ ರಾಜ್ಯದಲ್ಲಿ ಗಾಯಗೊಂಡು ಸಿಕ್ಕಿಬಿದ್ದ ಗಾಟ್‌ಫ್ರೀಡ್‌ಗೆ ಜೀವಾವಧಿ ಶಿಕ್ಷೆಯಾಯಿತು. ನಾಲ್ವರು ಮಕ್ಕಳ ಹೊಣೆ ತಾಯಿಯ ಮೇಲೆ ಬಿತ್ತು.

ಅದೇ ವರ್ಷದ ಕೈಪಿಡಿ ಎಳೆಯ ಮಕ್ಕಳ ಕಂಠದಿಂದ ಶುರುವಾಗುವುದರಲ್ಲಿ ದೊಡ್ಡ ವಿವೇಕವಿದೆ. ಪಿಯಾನೊದಲ್ಲಿ ಕೀ ಒತ್ತಿದರೆ ಸ್ವರ ತಯಾರಾಗಿ ಬರುತ್ತದೆ, ಕಿವಿಗೆ ಕೆಲಸವಿಲ್ಲ. ಹಾಡುವ ಮಗು ಸ್ವರವನ್ನು ತಾನೇ ಹುಡುಕಬೇಕು. ಪಾಶ್ಚಾತ್ಯ ಸಂಗೀತದ ಮೇಜರ್ ಸ್ಕೇಲ್ ಎಂಬ ಸ್ವರಶ್ರೇಣಿಯಲ್ಲಿ ಮೂರು–ನಾಲ್ಕನೆಯ ಮತ್ತು ಏಳು–ಎಂಟನೆಯ ಸ್ವರಗಳ ನಡುವೆ ಅರ್ಧಸ್ವರದ, ಅಂದರೆ ಪಿಯಾನೊದ ಪಕ್ಕಪಕ್ಕದ ಎರಡು ಕೀಗಳ ನಡುವಿನಷ್ಟು, ಅಂತರ ಮಾತ್ರ. ಹೊಸಬರು ಶ್ರುತಿ ತಪ್ಪುವುದು ಹೆಚ್ಚಾಗಿ ಅಲ್ಲಿಯೇ. ಆದ್ದರಿಂದ ಹತ್ತಿರದ ಸ್ವರಗಳ ಚಿಕ್ಕ ಹಾಡು ಮೊದಲು, ದೂರದ ಜಿಗಿತಗಳು ಆಮೇಲೆ. ಟೀಚರ್ ಪಿಯಾನೊವನ್ನು ಜೋರಾಗಿ ನುಡಿಸಿದರೆ ಮಗು ಅದರ ಹಿಂದೆ ಅಡಗುತ್ತದೆ, ತಪ್ಪು ಕೇಳಿಸುವುದೇ ಇಲ್ಲ. ಮೇಲಿನ ಸ್ವರಕ್ಕೆ ಒತ್ತಾಯಿಸಿದರೆ ಹಾಡು ಕೂಗಾಗುತ್ತದೆ.

ಇಷ್ಟು ಎಳೆಯರ ಶಿಕ್ಷಣವೂ ಆಗ ಸರ್ಕಾರದ ಕಣ್ಣಿಗೆ ರಾಜಕೀಯವೇ ಆಗಿತ್ತು. ಬಾನ್, ಬರ್ಲಿನ್‌ಗಳನ್ನು ಆಳುತ್ತಿದ್ದ ಪ್ರಷ್ಯಾ ರಾಜ್ಯದ 1850ರ ಸಂಘಗಳ ಕಾಯಿದೆ ಹೆಂಗಸರನ್ನು, ವಿದ್ಯಾರ್ಥಿಗಳನ್ನು, ಕೆಲಸ ಕಲಿಯುವ ಹುಡುಗರನ್ನು ಒಂದೇ ಸಾಲಿನಲ್ಲಿಟ್ಟು ರಾಜಕೀಯ ಸಂಘಗಳಿಂದ ಹೊರಗಿಟ್ಟಿತು. 1851ರ ಆಗಸ್ಟ್‌ನಲ್ಲಿ ಸರ್ಕಾರ ಕಿಂಡರ್‌ಗಾರ್ಟನ್‌ಗಳನ್ನೇ ನಿಷೇಧಿಸಿತು. 1860ರವರೆಗೆ ಆ ನಿಷೇಧ ತೆರವಾಗಲಿಲ್ಲ. ಸಂಘ, ಸಭೆಗಳ ಬಾಗಿಲು ಮುಚ್ಚಿದ ಮೇಲೆ ಹೆಣ್ಣಿಗೆ ಉಳಿದದ್ದು ಮನೆಯ ಕೋಣೆ, ಅಲ್ಲಿನ ಪಾಠ.

1850ರ ನವೆಂಬರ್‌ನಲ್ಲಿ ಕಾರ್ಲ್ ಶುರ್ಟ್ಸ್ ಎಂಬ ಶಿಷ್ಯ ತಮ್ಮ ಗುರು ಗಾಟ್‌ಫ್ರೀಡ್‌ರನ್ನು ಬರ್ಲಿನ್ ಬಳಿಯ ಸ್ಪಾಂಡೌ ಜೈಲಿನಿಂದ ಪಾರುಮಾಡಿದರು. 1851ರಲ್ಲಿ ಯೊಹಾನ್ನಾ ಮಕ್ಕಳೊಡನೆ ಲಂಡನ್ ತಲುಪಿದರು. ಎಂಟು ಪತ್ರಗಳು ಪ್ರಕಟವಾದಾಗ ಅವರು ಗಡಿಪಾರಿನ ಬದುಕಿನಲ್ಲಿದ್ದರು. ಬೆರಳ ಚಳಕ ತೋರಿಸುವ ಫ್ಯಾಷನ್ನಿಗೆ ಅವರು ಅಲ್ಲಿ ಎದುರು ನಿಲ್ಲುತ್ತಾರೆ. ನುಡಿಸುವ ಹುಡುಗಿ ತಾನು ನುಡಿಸುತ್ತಿರುವುದನ್ನು ಅರ್ಥಮಾಡಿಕೊಳ್ಳಬೇಕು ಎಂಬುದು ಅವರ ಪಟ್ಟು. ಹೆಣ್ಣುಮಕ್ಕಳ ಪಿಯಾನೊವನ್ನು ಅತಿಥಿಗಳ ಮುಂದಿನ ಅಲಂಕಾರವೆಂದು ಎಣಿಸಿದ್ದ ಕಾಲದಲ್ಲಿ ಇದು ಗಟ್ಟಿ ಮಾತು. ಲಂಡನ್ನಿನಲ್ಲಿ ಅವರು ಪಾಠ ಹೇಳಿದರು, ಸಂಗೀತದ ಉಪನ್ಯಾಸಗಳನ್ನೂ ಕೊಟ್ಟರು. ಪೋಲೆಂಡಿನ ಪಿಯಾನೊ ಸಂಗೀತರಚನೆಗಾರ ಶೊಪೆನ್ ಬಗೆಗಿನ ಉಪನ್ಯಾಸದಲ್ಲಿ ಅರ್ಧಸ್ವರಕ್ಕಿಂತ ಸೂಕ್ಷ್ಮವಾದ ಕಾಲುಸ್ವರಗಳಿಗೂ ಬಿಡುಗಡೆ ಸಿಗಬೇಕೆಂದು ವಾದಿಸಿದರು.