ಕವಚದ ಮೇಲೆ ಬಟ್ಟೆ ಏಕೆ? ಮರುಭೂಮಿಯ ಯೋಧನ ಹೊದಿಕೆಯ ಕುರಿತು ಟಿಪ್ಪಣಿ

ವೈಜ್ಞಾನಿಕ ಕಥೆಗಳ ಚಿತ್ರಗಳಲ್ಲಿ ಪದೇ ಪದೇ ಕಾಣುವ ಒಂದು ಆಕೃತಿಯಿದೆ. ನೆತ್ತಿಯಿಂದ ಪಾದದವರೆಗೆ ಕವಚ, ಅದರ ಮೇಲೆ ಗಾಳಿಗೆ ಹಾರುವ ಮಾಸಲು ಹೊದಿಕೆ. ಗುಂಡನ್ನೇ ತಡೆಯುವ ಕವಚ ತೊಟ್ಟವನಿಗೆ ಬಟ್ಟೆಯ ಹಂಗೇಕೆ? ಚಂದಕ್ಕೆ ಎಂದು ಹೇಳಿ ಮುಂದೆ ಸಾಗುವವರೇ ಹೆಚ್ಚು. ನನಗೆ ಆ ಉತ್ತರ ಒಪ್ಪಿಗೆಯಿಲ್ಲ. ಆ ಹೊದಿಕೆ ಇರುವುದು ಮನುಷ್ಯನಿಗಾಗಿ ಅಲ್ಲ, ಕವಚಕ್ಕಾಗಿ. ಹಾಗೆಂದುಕೊಂಡು ನೋಡಿದರೆ ಉಷ್ಣದ ಪಾಠವೆಲ್ಲ ಈ ಒಂದು ಚಿತ್ರದಲ್ಲೇ ಸಿಗುತ್ತದೆ.

ಮೊದಲು ಬಿಸಿಲಿನ ಲೆಕ್ಕ. ಮೋಡವಿಲ್ಲದ ನಡುಹಗಲಿನಲ್ಲಿ ಸೂರ್ಯನಿಗೆ ಎದುರಾಗಿರುವ ಒಂದು ಚದರ ಮೀಟರ್ ಜಾಗದ ಮೇಲೆ ಸುಮಾರು 1,000 ವ್ಯಾಟ್ ಶಕ್ತಿ ಬೀಳುತ್ತದೆ. ಗಾಢ ಬಣ್ಣದ ಕವಚ ಅದರ ಬಹುಪಾಲನ್ನು ಹೀರಿಕೊಳ್ಳುತ್ತದೆ. ಒಳಗಿನ ಯೋಧನೂ ಒಂದು ಒಲೆಯೇ. ದುಡಿಯುವ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಚಲನೆಗೆ ಒದಗುವುದು ಹೆಚ್ಚೆಂದರೆ ಕಾಲು ಭಾಗ, ಉಳಿದದ್ದೆಲ್ಲ ಶಾಖ. ಬಯಲಿನಲ್ಲಿ ನಿಂತವನನ್ನು ಬೆವರು ಕಾಪಾಡುತ್ತದೆ. ಒಂದು ಲೀಟರ್ ಬೆವರು ಆವಿಯಾದರೆ ಸುಮಾರು 2,400 ಕಿಲೋಜೂಲ್ ಶಾಖ ಅದರೊಂದಿಗೆ ಹೊರಟುಹೋಗುತ್ತದೆ. ಮುಚ್ಚಿದ ಕವಚದಲ್ಲಿ ಬೆವರು ಹರಿಯುತ್ತದೆ, ಆದರೆ ಆರುವುದಿಲ್ಲ. ಹಾಗಾಗಿ ತಂಪು ಮಾಡುವ ಯಂತ್ರ ಬೇಕಾಗುತ್ತದೆ, ಅದಕ್ಕೆ ಬ್ಯಾಟರಿ ಬೇಕಾಗುತ್ತದೆ. ಹೊರಗಿನಿಂದ ಒಳಬರುವ ಬಿಸಿಲಿನ ಒಂದೊಂದು ವ್ಯಾಟ್ ಕೂಡ ಆ ಬ್ಯಾಟರಿಯ ಮೇಲಿನ ಸಾಲ.

ಬಟ್ಟೆ ಈ ಸಾಲವನ್ನು ತನ್ನ ಮೇಲೆ ಹಾಕಿಕೊಳ್ಳುತ್ತದೆ. ಬಿಸಿಲಿಗೆ ಅದೂ ಕಾಯುತ್ತದೆ ನಿಜ. ಆದರೆ ಅದು ಕವಚವನ್ನು ಮುಟ್ಟುವುದು ಹೆಗಲಿನಲ್ಲಿ ಮಾತ್ರ. ಉಳಿದೆಡೆ ನಡುವೆ ಗಾಳಿಯಿದೆ. ಕಾದ ಗಾಳಿ ಮೇಲೇರಿ ಕುತ್ತಿಗೆಯ ಬಳಿ ಹೊರಹೋಗುತ್ತದೆ, ಕೆಳಗಿನ ಅಂಚಿನಿಂದ ಹೊಸ ಗಾಳಿ ನುಗ್ಗುತ್ತದೆ. ಹೊಗೆಕೊಳವೆ ಕೆಲಸ ಮಾಡುವುದೂ ಹೀಗೆಯೇ. 1980ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಇಲ್ಲಿ ನೆನಪಾಗಬೇಕು. ಅರಬ್ ಅಲೆಮಾರಿಗಳಾದ ಬೆಡೂಯಿನರು ಸುಡುವ ಮರುಭೂಮಿಯಲ್ಲಿ ಕಪ್ಪು ನಿಲುವಂಗಿ ತೊಡುವುದೇಕೆ ಎಂದು ತಿಳಿಯಲು ಸಂಶೋಧಕರು ಇಸ್ರೇಲಿನ ನೆಗೆವ್ ಮರುಭೂಮಿಯ ಬಿಸಿಲಿನಲ್ಲಿ ಅಳತೆ ಮಾಡಿದರು. ಕಪ್ಪು ಬಟ್ಟೆ ಬಿಳಿಯದಕ್ಕಿಂತ ಹೆಚ್ಚು ಬಿಸಿಲನ್ನು ಹೀರಿತು. ಆದರೂ ಚರ್ಮವನ್ನು ತಲುಪಿದ ಶಾಖ ಎರಡರಲ್ಲೂ ಒಂದೇ. ಹೆಚ್ಚಿನ ಶಾಖ ದಾರಿಯಲ್ಲೇ ಗಾಳಿಗೆ ಸೇರಿಹೋಗಿತ್ತು. ಇದನ್ನು ಓದಿ ಕಪ್ಪು ಬಟ್ಟೆಯೇ ತಂಪು ಎಂದು ಬರೆದುಕೊಳ್ಳುವ ತಪ್ಪನ್ನು ನಾನೂ ಮಾಡಿದ್ದೆ. ಅಧ್ಯಯನ ಹೇಳುವುದು ಅದನ್ನಲ್ಲ. ಬಟ್ಟೆ ಸಡಿಲವಾಗಿದ್ದರೆ ಬಣ್ಣದ ಮಹತ್ವ ಕಡಿಮೆ, ಅಷ್ಟೇ. ಅದೇ ಬಟ್ಟೆಯನ್ನು ಕವಚಕ್ಕೆ ಬಿಗಿಯಾಗಿ ಸುತ್ತಿದರೆ ಶಾಖ ನೇರವಾಗಿ ಲೋಹಕ್ಕೆ ಇಳಿಯುತ್ತದೆ.

ಇದು ಬರಿಯ ಕಲ್ಪನೆಯಲ್ಲ. ಸ್ವೀಡನ್ನಿನ ಸಾಬ್ ಕಂಪನಿ ಟ್ಯಾಂಕುಗಳಿಗಾಗಿ ಬರಕುಡಾ ಎಂಬ ಹೊದಿಕೆಯನ್ನು ತಯಾರಿಸುತ್ತದೆ. ಶತ್ರುವಿನ ಕಣ್ಣಿಗೂ ಶಾಖವನ್ನು ಗುರುತಿಸುವ ಅವಕೆಂಪು ಕ್ಯಾಮೆರಾಕ್ಕೂ ಟ್ಯಾಂಕು ಸುಲಭವಾಗಿ ಕಾಣದಂತೆ ಮಾಡುವುದು ಅದರ ಕೆಲಸ. ಜೊತೆಗೆ ಬಿಸಿಲಿನಲ್ಲಿ ಟ್ಯಾಂಕಿನ ಒಳಗಿನ ಕಾವನ್ನೂ ಅದು ತಗ್ಗಿಸುತ್ತದೆ. 1942ರಲ್ಲಿ, ಎರಡನೇ ಮಹಾಯುದ್ಧದ ಕಾಲದಲ್ಲಿ, ಈಜಿಪ್ಟಿನ ಎಲ್ ಅಲಮೈನ್ ಕದನಕ್ಕೆ ಮುಂಚೆ ಬ್ರಿಟಿಷರು ಟ್ಯಾಂಕುಗಳ ಮೇಲೆ ಕ್ಯಾನ್ವಾಸಿನ ಮುಸುಕು ಹಾಕಿ ಅವು ಲಾರಿಗಳಂತೆ ಕಾಣುವಂತೆ ಮಾಡಿದ್ದರು. ಆ ಮುಸುಕಿಗೆ ಅವರು ಇಟ್ಟಿದ್ದ ಹೆಸರು ಸನ್‌ಶೀಲ್ಡ್, ಅಂದರೆ ಬಿಸಿಲ ಮರೆ.

ಮರೆಮಾಚುವ ವಿಷಯದಲ್ಲಿ ಕವಚದ ದೊಡ್ಡ ದೌರ್ಬಲ್ಯ ಅದರ ನೇರ ಅಂಚುಗಳು ಮತ್ತು ಹೊಳಪು. ಮರಳಿನಲ್ಲಿ ಅಂಥ ಗೆರೆ ಎಲ್ಲೂ ಇಲ್ಲ. ಬಟ್ಟೆಯ ಮಡಿಕೆಗಳು ಆ ಗೆರೆಯನ್ನು ಮುರಿಯುತ್ತವೆ. ಆದರೆ ಪಟಪಟ ಹಾರುವ ಬಟ್ಟೆಯಷ್ಟು ಬೇಗ ಕಣ್ಣು ಸೆಳೆಯುವುದು ಬೇರೊಂದಿಲ್ಲ. ಆದ್ದರಿಂದ ಕೆಳಅಂಚಿನಲ್ಲಿ ಸಣ್ಣ ತೂಕದ ಗುಂಡುಗಳನ್ನು ಹೊಲಿದಿರಬೇಕು.

ಮರಳಿನಿಂದ ರಕ್ಷಣೆ ಎಂಬ ಕಾರಣವನ್ನು ಎಲ್ಲರೂ ಮೊದಲು ಹೇಳುತ್ತಾರೆ. ನನಗೆ ಅದು ಅರ್ಧ ಸತ್ಯ ಅನ್ನಿಸುತ್ತದೆ. ದಪ್ಪ ಮರಳಿನ ಕಣಗಳು ಗಾಳಿಯಲ್ಲಿ ತೇಲುವುದಿಲ್ಲ, ನೆಲಕ್ಕೆ ಬಡಿದು ಪುಟಿದು ಮತ್ತೆ ಬೀಳುತ್ತ ಸಾಗುತ್ತವೆ. ಅವುಗಳಲ್ಲಿ ಹೆಚ್ಚಿನವು ನೆಲದಿಂದ ಒಂದು ಮೀಟರಿನೊಳಗೇ ಇರುತ್ತವೆ. ಅಂದರೆ ಪೆಟ್ಟು ತಿನ್ನುವುದು ಪಾದ ಮತ್ತು ಮಂಡಿಯ ಕೀಲುಗಳು. ಅವುಗಳಿಗೆ ಬೇಕಾದದ್ದು ಬಿಗಿಯಾದ ಕಾಲುಪಟ್ಟಿ. ಕುತ್ತಿಗೆ, ಹೆಗಲಿನ ಕೀಲುಗಳವರೆಗೆ ಏರುವುದು ನುಣ್ಣನೆಯ ಧೂಳು. ಹೊದಿಕೆಯ ಮುಸುಕು ತಡೆಯುವುದು ಅದನ್ನು.

ಇನ್ನು ಒಂದು ತೊಡಕು. ಬೆನ್ನಿನಲ್ಲಿ ಶಾಖ ಹೊರಹಾಕುವ ರೇಡಿಯೇಟರ್ ಇದ್ದು ಅದರ ಮೇಲೆ ಬಟ್ಟೆ ಬಿದ್ದರೆ, ಕಾಪಾಡಬೇಕಾದದ್ದೇ ಯೋಧನನ್ನು ಬೇಯಿಸುತ್ತದೆ. ರೇಡಿಯೇಟರಿನ ಎದುರು ಸೀಳು ಬಿಡಬೇಕು, ಇಲ್ಲವೇ ಹೊದಿಕೆಯನ್ನು ಒಂದೇ ಹೆಗಲಿನಿಂದ ಇಳಿಬಿಡಬೇಕು. ಎಲ್ಲಾದರೂ ಸಿಕ್ಕಿಕೊಂಡರೆ ಒಂದೇ ಎಳೆತಕ್ಕೆ ಕಳಚಿಬೀಳುವ ಕೊಕ್ಕೆಯೂ ಬೇಕು.

ಚಿತ್ರ ಬರೆಯುವ ಗೆಳೆಯರು ಹೆಗಲಿನ ಮೇಲೆ ಬಟ್ಟೆಯನ್ನು ಕವಚದಿಂದ ಎತ್ತಿ ಹಿಡಿಯುವ ಎರಡು ಮೂರು ಬೆರಳಗಲದ ಆಧಾರವೊಂದನ್ನು ಸೇರಿಸಿ ನೋಡಿ. ಬಣ್ಣ ಹಚ್ಚುವಾಗ ಹೆಗಲು ಮತ್ತು ತಲೆಮುಸುಕಿನ ಮೇಲ್ಭಾಗ ಬಿಸಿಲಿಗೆ ಬಿಳಿಚಿರಲಿ, ಮಡಿಕೆಗಳ ಒಳಗೆ ಮಾತ್ರ ಬಟ್ಟೆಯ ಮೂಲ ಬಣ್ಣ ಉಳಿದಿರಲಿ.