ಸಮುದ್ರ ಮೀನಿನ ಮರಿ ಮತ್ತು ಅದರ ಮೊದಲ ತುತ್ತು

ಸೀಬಾಸ್ ಮೀನನ್ನೇ ತೆಗೆದುಕೊಳ್ಳೋಣ. ಬಂಗಾಳದವರ ಭೇಟ್ಕಿ ಇದೇ. ಚೆನ್ನೈನ ಕೇಂದ್ರೀಯ ಚೌಳುನೀರು ಮತ್ಸ್ಯಕೃಷಿ ಸಂಸ್ಥೆಯ ವಿಜ್ಞಾನಿಗಳು 1997ರಲ್ಲಿ ಹಾರ್ಮೋನ್ ಚುಚ್ಚುಮದ್ದು ಕೊಟ್ಟು, ಸಾಕಿದ ಸೀಬಾಸ್‌ನಿಂದ ಮೊಟ್ಟೆ ಇಡಿಸಿದರು. ಈ ಮೀನು ಮೊದಲು ಗಂಡಾಗಿದ್ದು, ಕೆಲವು ವರ್ಷಗಳ ನಂತರ ಹೆಣ್ಣಾಗುತ್ತದೆ. ಹೀಗಾಗಿ ಹ್ಯಾಚರಿಯಲ್ಲಿ, ಅಂದರೆ ಮರಿ ಉತ್ಪಾದನಾ ಕೇಂದ್ರದಲ್ಲಿ, ಚಿಕ್ಕವು, ದೊಡ್ಡವು ಎರಡೂ ಇರಬೇಕು. ಪರೀಕ್ಷೆಯಲ್ಲಿ ಎಲ್ಲರೂ ಇಷ್ಟನ್ನು ಬರೆಯುತ್ತಾರೆ. ನಿಜವಾದ ಕಷ್ಟ ಮೊಟ್ಟೆ ಒಡೆದ ಮೇಲೆ ಶುರುವಾಗುತ್ತದೆ.

ಆಗಷ್ಟೇ ಹೊರಬಂದ ಮರಿ ಸುಮಾರು ಒಂದೂವರೆ ಮಿಲಿಮೀಟರ್. ಗಾಜಿನ ಬೀಕರಿನಲ್ಲಿ ಬೆಳಕಿಗೆ ಹಿಡಿದರೆ ಕಾಣುವುದು ಪಾರದರ್ಶಕವಾದ ಒಂದು ಎಳೆ, ಅದರ ಹೊಟ್ಟೆಗೆ ಅಂಟಿಕೊಂಡ ಆಹಾರದ ಚೀಲ, ಅಷ್ಟೇ. ಬಾಯಿ ಇನ್ನೂ ತೆರೆದಿರುವುದಿಲ್ಲ. ಎರಡು ಮೂರು ದಿನಗಳಲ್ಲಿ ಬಾಯಿ ತೆರೆಯುತ್ತದೆ, ಅಷ್ಟರಲ್ಲೇ ಚೀಲವೂ ಬರಿದಾಗುತ್ತಾ ಬರುತ್ತದೆ. ಆ ಹೊತ್ತಿಗೆ ಬಾಯಿಗೆ ಹಿಡಿಸುವ ಆಹಾರ ಎದುರಿಗೆ ಸಿಗದಿದ್ದರೆ ಮರಿ ಸೊರಗುತ್ತದೆ. ಆಮೇಲೆ ಆಹಾರ ಕೊಟ್ಟರೂ ತಿನ್ನುವ ಶಕ್ತಿ ಉಳಿದಿರುವುದಿಲ್ಲ. ಸಮುದ್ರದಲ್ಲಿಯೂ ಮೀನಿನ ಸಂತತಿಯ ಏರಿಳಿತಕ್ಕೆ ಈ ಘಟ್ಟವೇ ಕಾರಣವಿರಬೇಕೆಂದು ನಾರ್ವೆಯ ಮೀನು ವಿಜ್ಞಾನಿ ಯೋಹಾನ್ ಯೋರ್ಟ್ 1914ರಲ್ಲೇ ವಾದಿಸಿದ್ದರು.

ಸಿಹಿನೀರಿನ ಕಾಟ್ಲಾ, ರೋಹು ಮರಿಗಳಿಗೆ ಹಿಂಡಿ, ತೌಡಿನ ಪುಡಿ ಎರಚಿದ ಅನುಭವ ಇಲ್ಲಿ ಕೆಲಸಕ್ಕೆ ಬಾರದು. ಇಷ್ಟು ಸಣ್ಣ ಬಾಯಿಗೆ ಬೇಕಿರುವುದು ಜೀವಂತವಾಗಿ, ನಿಧಾನವಾಗಿ ಈಜುವ ಆಹಾರ. ಅದೇ ರೋಟಿಫರ್: ಮಿಲಿಮೀಟರಿನ ಹತ್ತನೇ ಒಂದರಿಂದ ಮೂರು ಭಾಗದಷ್ಟು ಉದ್ದದ ಜೀವಿ. ಇದನ್ನು ಬುತ್ತಿಯ ಡಬ್ಬಿ ಎಂದು ನೆನಪಿಟ್ಟುಕೊಳ್ಳಿ. ಡಬ್ಬಿಯಲ್ಲಿ ತುಂಬಿದ್ದೇ ಮರಿಗೆ ಸಿಗುವುದು. ಬರೀ ಯೀಸ್ಟ್ ತಿಂದ ರೋಟಿಫರ್ ಕೊಟ್ಟರೆ ಮರಿಯ ಹೊಟ್ಟೆ ತುಂಬುತ್ತದೆ, ಆದರೆ ಮಿದುಳಿಗೂ ಕಣ್ಣಿಗೂ ಬೇಕಾದ ಡಿಎಚ್‌ಎ ಕೊಬ್ಬಿನಾಮ್ಲ ಸಿಗುವುದಿಲ್ಲ. ಸಮುದ್ರ ಮೀನುಗಳಿಗೆ ಅದನ್ನು ತಾವೇ ತಯಾರಿಸಿಕೊಳ್ಳುವ ಸಾಮರ್ಥ್ಯ ತೀರಾ ಕಡಿಮೆ. ಆದ್ದರಿಂದಲೇ ಮರಿಗೆ ಕೊಡುವ ಮುನ್ನ ರೋಟಿಫರ್‌ಗೆ ಸೂಕ್ಷ್ಮ ಪಾಚಿಯನ್ನೋ ಮೀನೆಣ್ಣೆಯ ಮಿಶ್ರಣವನ್ನೋ ತಿನ್ನಿಸುತ್ತಾರೆ. ಮುಂದೆ ಕೊಡುವ ಆರ್ಟೀಮಿಯಾ ಎಂಬ, ಸಿಗಡಿಯನ್ನು ಹೋಲುವ ಪುಟ್ಟ ಉಪ್ಪುನೀರಿನ ಜೀವಿಗೂ ಇದೇ ಉಪಚಾರ.

ಆ ಎಣ್ಣೆಯ ಇನ್ನೊಂದು ಮುಖವನ್ನು ಬಹಳ ಮಂದಿ ಮರೆಯುತ್ತಾರೆ. ಮೀನು ತೇಲಲು ನೆರವಾಗುವ ಗಾಳಿಯ ಚೀಲವೇ ಈಜುಚೀಲ; ಅದನ್ನು ತುಂಬಲು ಮರಿ ನೀರಿನ ಮೇಲ್ಮೈಗೆ ಬಂದು ಗಾಳಿ ಗುಟುಕರಿಸಬೇಕು. ತೊಟ್ಟಿಯ ಮೇಲೆ ಎಣ್ಣೆಯ ಪದರ ಕಟ್ಟಿದ್ದರೆ ಅದಕ್ಕೆ ಆ ಪೊರೆಯನ್ನು ಭೇದಿಸಲಾಗುವುದಿಲ್ಲ. ಈಜುಚೀಲ ತುಂಬದ ಮರಿಗಳಲ್ಲಿ ಎಷ್ಟೋ ಬೆನ್ನು ಡೊಂಕಾಗಿ ಬೆಳೆಯುತ್ತವೆ. ಹಾಗಾಗಿ ಮೇಲ್ಮೈಯ ಆ ಪದರವನ್ನು ಪ್ರತಿದಿನವೂ ತೆಗೆಯಬೇಕು.